ಕಿರೀಟ ಹೊತ್ತ ಪಾರಿವಾಳ

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಗಲ್ಲಾಪೆಟ್ಟಿಗೆಗೆ ಕೈಮುಗಿದು, ಮೊದಲ ಗಿರಾಕಿ ಬರುವ ಮುನ್ನ ಒಂದು ಹಿಡಿ ಜೋಳವನ್ನು ಹೊರಗೆ ಚೆಲ್ಲುವುದು ನಮ್ಮ ಮನೆತನಗಳಲ್ಲಿ ಬಹಳ ಕಾಲದ ರೂಢಿ. ಸೊಲ್ಲಾಪುರದ ಪೇಟೆಯಿರಲಿ, ಅಕ್ಕಲಕೋಟೆಯ ಓಣಿಯಿರಲಿ, ಜತ್ತಿನ ಅಡತಿ ಅಂಗಡಿಯ ಕಟ್ಟೆಯಿರಲಿ, ಆ ಕಾಳಿಗೆ ಮೊದಲು ಇಳಿದು ಬರುವುದು ಪಾರಿವಾಳವೇ. ದಿನಾಲು ಕಾಣುವ ಹಕ್ಕಿಯಾದ್ದರಿಂದ ಅದನ್ನು ನಾವು ಕಣ್ಣೆತ್ತಿ ನೋಡುವುದೂ ಕಡಿಮೆ.

ಈಚೆಗೆ ಸಿಂಗಾಪುರಕ್ಕೆ ವ್ಯಾಪಾರದ ಕೆಲಸಕ್ಕೆಂದು ಹೋಗಿಬಂದ ನಮ್ಮ ಅಳಿಯಂದಿರು ಅಲ್ಲಿಯ ಪಕ್ಷಿಧಾಮದಲ್ಲಿ ತೆಗೆದ ಒಂದು ಚಿತ್ರವನ್ನು ಮನೆಯ ಮಕ್ಕಳಿಗೆ ತೋರಿಸಿದರು. ಬೂದುಬಣ್ಣ ಬೆರೆತ ನೀಲಿ ಮೈ, ಕುಂಕುಮದಂಥ ಕೆಂಪು ಕಣ್ಣು, ತಲೆಯ ಮೇಲೆ ಕಸೂತಿ ಹಾಕಿದ ಬೀಸಣಿಗೆಯಂಥ ತುರಾಯಿ. ಮೊಮ್ಮಗಳು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಾ, ಇದು ನವಿಲ ಐತೇನು, ಪಾರಿವಾಳ ಐತೇನು?" ಎಂದು ಕೇಳಿದಳು. ಅದು ಪಾರಿವಾಳವೇ. ಆದರೆ ಆಕೆಗೆ ಉತ್ತರ ಕೊಡಲು ಕುಳಿತ ನಮಗೆ ಆ ಹಕ್ಕಿಯ ಕಥೆಯಲ್ಲಿ ವ್ಯಾಪಾರಸ್ಥರಾದ ನಾವೆಲ್ಲ ಓದಿಕೊಳ್ಳಬೇಕಾದ ಒಂದು ಲೆಕ್ಕವೇ ಸಿಕ್ಕಿತು. ಅದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮ ಪಾರಿವಾಳದ ದೊಡ್ಡ ದಾಯಾದಿ

ಜಗತ್ತಿನಲ್ಲಿ ಪಾರಿವಾಳದ ಕುಲಕ್ಕೆ ಸೇರಿದ ಹಕ್ಕಿಗಳು ಮುನ್ನೂರು ಬಗೆಗೂ ಹೆಚ್ಚು. ಮಹಾರಾಷ್ಟ್ರದ ನಮ್ಮ ಓದುಗರಿಗೆ ಗೊತ್ತಿರುವ ಹರಿಯಾಲ, ಅಂದರೆ ಆಲದ ಹಣ್ಣು ತಿನ್ನಲು ಗುಂಪುಗುಂಪಾಗಿ ಬರುವ ಹಳದಿ ಕಾಲಿನ ಹಸಿರು ಪಾರಿವಾಳ, ಆ ರಾಜ್ಯದ ಪಕ್ಷಿಯೇ ಆಗಿದೆ. ವಯನಾಡಿನಲ್ಲಿ ಕಾಫಿತೋಟ ಮಾಡಿಕೊಂಡಿರುವ ನಮ್ಮ ಬಂಧುಗಳು ಎತ್ತರದ ಮರಗಳಲ್ಲಿ ಗಂಭೀರವಾಗಿ ಹೂಂಕರಿಸುವ ಬೆಟ್ಟದ ದೊಡ್ಡ ಪಾರಿವಾಳವನ್ನು ಕಂಡಿರುತ್ತಾರೆ. ಆದರೆ ಇವೆಲ್ಲವುಗಳಿಗಿಂತ ದೊಡ್ಡದು ಕಿರೀಟದ ಪಾರಿವಾಳ. ಈಗ ಬದುಕಿರುವ ಪಾರಿವಾಳಗಳಲ್ಲೆಲ್ಲ ಅತಿ ದೊಡ್ಡವು ಇದರ ಬಳಗದವೇ.

ಅಂಗಡಿಯ ಮುಂದೆ ಜೋಳ ಹೆಕ್ಕುವ ನಮ್ಮ ಪಾರಿವಾಳ ತೂಗಿದರೆ 350 ಗ್ರಾಂ ಆದೀತು. ಕಿರೀಟದ ಪಾರಿವಾಳ ಎರಡು ಕಿಲೋಗೂ ಮೇಲೆ ತೂಗುತ್ತದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 70 ಸೆಂಟಿಮೀಟರು ಉದ್ದ. ಅಂದರೆ ಹೆಚ್ಚುಕಡಿಮೆ ನಮ್ಮ ಊರ ಕೋಳಿಹುಂಜದಷ್ಟು ದೊಡ್ಡದು. ಎದೆ ಕಡುಗೆಂಪು. ಕಣ್ಣಿನ ಸುತ್ತ ಕಪ್ಪು ಪಟ್ಟಿ. ರೆಕ್ಕೆಯ ಮೇಲೆ ತಿಳಿಬೂದಿ ಬಣ್ಣದ ಅಡ್ಡಪಟ್ಟೆ. ಇನ್ನು ತಲೆಯ ಮೇಲೆ ಆ ತುರಾಯಿ. ಅದರ ಗರಿಗಳಿಗೆ ಉಳಿದ ಗರಿಗಳಂತೆ ಒತ್ತಾಗಿ ಹೆಣೆದ ಅಂಚಿಲ್ಲ. ಎಳೆಗಳು ಬಿಡಿಬಿಡಿಯಾಗಿ ನಿಂತು ಜಾಲರಿಯಂತೆ ಕಾಣುತ್ತವೆ. ಪ್ರತಿ ಗರಿಯ ತುದಿಗೂ ಬೆಳ್ಳಗೆ ಪುಟ್ಟ ಬೀಸಣಿಗೆ. ಗಿಳಿಯ ಕುಲದ ಕಾಕಟೂ ತನಗೆ ಬೇಕಾದಾಗ ತುರಾಯಿ ಎತ್ತುತ್ತದೆ, ಬೇಡವಾದಾಗ ಇಳಿಸುತ್ತದೆ. ಇದರ ತುರಾಯಿ ಹಗಲೂ ರಾತ್ರಿಯೂ ನಿಂತೇ ಇರುತ್ತದೆ.

ನವಿಲಿನಲ್ಲಿ ಬೆಡಗೆಲ್ಲ ಗಂಡಿಗೆ, ಹೆಣ್ಣಿಗೆ ಸಾದಾ ಉಡುಪು. ಈ ಪಾರಿವಾಳದಲ್ಲಿ ಹಾಗಿಲ್ಲ. ಗಂಡಿಗೂ ಹೆಣ್ಣಿಗೂ ಒಂದೇ ಬಗೆಯ ಕಿರೀಟ. ಹೆಣ್ಣು ಗಾತ್ರದಲ್ಲಿ ತುಸು ಚಿಕ್ಕದು, ಅಷ್ಟೇ. ಈ ಸಮಾನತೆಯೇ ಮುಂದೆ ಅದಕ್ಕೆ ಮುಳುವಾಯಿತು. ಬೇಟೆಗಾರನಿಗೆ ಗಂಡು ಬೇರೆ ಹೆಣ್ಣು ಬೇರೆ ಎಂದು ನೋಡುವ ಕಾರಣವೇ ಇರಲಿಲ್ಲ. ಎರಡರ ತಲೆಯ ಮೇಲೂ ಮಾರಬಹುದಾದ ಸರಕು ಇತ್ತು.

ಅದರ ಮನೆ, ಅದರ ದಿನಚರಿ

ಆಸ್ಟ್ರೇಲಿಯಾದ ಉತ್ತರಕ್ಕೆ ಸಮುದ್ರದಲ್ಲಿರುವ ನ್ಯೂಗಿನಿ ಗ್ರೀನ್‌ಲ್ಯಾಂಡಿನ ನಂತರ ಜಗತ್ತಿನ ಅತಿ ದೊಡ್ಡ ದ್ವೀಪ. ವಿಸ್ತೀರ್ಣ ಸುಮಾರು 7 ಲಕ್ಷ 85 ಸಾವಿರ ಚದರ ಕಿಲೋಮೀಟರು, ಕರ್ನಾಟಕದ ನಾಲ್ಕು ಪಟ್ಟು. ಅದರ ಪಶ್ಚಿಮದ ಅರ್ಧ ಇಂಡೋನೇಷ್ಯಾಕ್ಕೆ ಸೇರಿದೆ. ಪೂರ್ವದ ಅರ್ಧ 1975ರಲ್ಲಿ ಸ್ವತಂತ್ರವಾದ ಪಪುವಾ ನ್ಯೂಗಿನಿ. ಕಿರೀಟದ ಪಾರಿವಾಳಗಳು ನಾಲ್ಕು ಬಗೆ. ನಾಲ್ಕೂ ಆ ದ್ವೀಪ ಮತ್ತು ಅದರ ಅಕ್ಕಪಕ್ಕದ ಸಣ್ಣ ದ್ವೀಪಗಳಲ್ಲಿ ಮಾತ್ರ ಸ್ವಾಭಾವಿಕವಾಗಿ ಕಾಣುತ್ತವೆ. ನಾವು ಹೇಳುತ್ತಿರುವುದು ಉತ್ತರದ ತಗ್ಗು ಕಾಡುಗಳಲ್ಲಿರುವ ಬಗೆಯನ್ನು. ತುರಾಯಿಯ ತುದಿಯಲ್ಲಿ ಬಿಳಿ ಬೀಸಣಿಗೆ ಇರುವುದು ಇದಕ್ಕೆ. 1844ರಲ್ಲಿ ಇದನ್ನು ವಿವರಿಸಿದ ಪಂಡಿತರು ಆಗ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದ ವಿಕ್ಟೋರಿಯಾ ರಾಣಿಯ ಹೆಸರನ್ನೇ ಇಟ್ಟರು: ಗೌರಾ ವಿಕ್ಟೋರಿಯಾ. 'ಗೌರಾ' ಎಂಬುದು ಆ ದ್ವೀಪದ ಜನರ ಬಾಯಿಯಿಂದ ಬಂದ ಹೆಸರು. ನಮ್ಮ ಗೌರಿಗೂ ಇದಕ್ಕೂ ನಂಟಿಲ್ಲ.

ವರ್ಷವಿಡೀ ಮಳೆ, ಕಾಲಿಟ್ಟರೆ ಕುಸಿಯುವ ಜೌಗು, ಬಿಸಿಲು ನೆಲ ಮುಟ್ಟದಂಥ ದಟ್ಟ ಮರಗಳು. ಇಂಥ ಕಾಡಿನ ನೆಲದ ಮೇಲೆ ಈ ಹಕ್ಕಿಗಳು ಜೋಡಿಯಾಗಿಯೋ ಸಣ್ಣ ಗುಂಪಾಗಿಯೋ ಅಡ್ಡಾಡುತ್ತವೆ. ಮರದಿಂದ ಉದುರಿದ ಹಣ್ಣು, ಬೀಜಗಳೇ ಅವುಗಳ ಮುಖ್ಯ ಊಟ. ಮರದಲ್ಲಿರುವುದನ್ನು ಕೀಳಲು ಹೋಗುವುದಿಲ್ಲ, ಬಿದ್ದದ್ದನ್ನು ಹೆಕ್ಕಿಕೊಳ್ಳುತ್ತವೆ. ನಡೆಯುವಾಗ ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ. ಯಾರಾದರೂ ಹತ್ತಿರ ಬಂದರೆ ರೆಕ್ಕೆಗಳನ್ನು ಪಟಪಟನೆ ಬಡಿದು ಮೇಲೆದ್ದು ಸಮೀಪದ ಕೊಂಬೆಯ ಮೇಲೆ ಕುಳಿತು, ಬಂದವರನ್ನೇ ನೋಡುತ್ತವೆ. ದೂರ ಹಾರಿ ಅವಿತುಕೊಳ್ಳುವ ಬುದ್ಧಿ ಅವಕ್ಕೆ ಇಲ್ಲ. ಬಿಲ್ಲುಬಾಣದ ಕಾಲದಲ್ಲಿ ಅಷ್ಟು ಎತ್ತರ ಸಾಕಾಗಿತ್ತೇನೋ. ಬಂದೂಕು ಬಂದ ಮೇಲೆ ಸಾಕಾಗಲಿಲ್ಲ.

ಒಂದೇ ಮೊಟ್ಟೆಯ ಸಂಸಾರ

ಈ ಹಕ್ಕಿಯ ಸಂಸಾರ ಬಲು ಚಿಕ್ಕದು. ಮರದ ಮೇಲೆ ಕಡ್ಡಿ, ಎಲೆಗಳನ್ನು ಒಟ್ಟಿ ಗೂಡು ಕಟ್ಟಿ ಒಂದೇ ಒಂದು ಬಿಳಿಯ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಟ್ಟರೆ ಸುಮಾರು 30 ದಿನಕ್ಕೆ ಮರಿ ಹೊರಬರುತ್ತದೆ. ಮತ್ತೆ ಸುಮಾರು ನಾಲ್ಕು ವಾರಕ್ಕೆ ಗೂಡು ಬಿಟ್ಟರೂ ತಾಯಿತಂದೆ ಅದಕ್ಕೆ ಇನ್ನೂ ಹಲವು ವಾರ ಉಣಿಸುತ್ತಾರೆ. ಕೋಳಿಯಂತೆ ಹತ್ತು ಹನ್ನೆರಡು ಮೊಟ್ಟೆ ಇಡುವ ಜಾತಿಯಲ್ಲಿ ಒಂದೆರಡು ಸತ್ತರೂ ಮುಂದಿನ ವರ್ಷ ತುಂಬಿ ಬರುತ್ತದೆ. ಒಂದೇ ಮರಿಯ ಮೇಲೆ ಇಷ್ಟು ಶ್ರಮ ಹಾಕುವ ಜಾತಿಯಲ್ಲಿ ಸತ್ತ ಒಂದೊಂದು ಹಕ್ಕಿಯೂ ಅಸಲಿನಿಂದ ಖರ್ಚಾದ ಹಣದಂತೆ. ಬಡ್ಡಿಯಿಂದ ಅದು ಬೇಗ ತುಂಬುವುದಿಲ್ಲ.

ಪಾರಿವಾಳಗಳ ಇನ್ನೊಂದು ವಿಶೇಷವನ್ನು ಮಕ್ಕಳಿಗೆ ಹೇಳಲೇಬೇಕು. ಮರಿಗೆ ಮೊದಮೊದಲು ಇವು ಕಾಳನ್ನಾಗಲಿ ಹುಳುವನ್ನಾಗಲಿ ತಿನ್ನಿಸುವುದಿಲ್ಲ. ತಮ್ಮ ಗಂಟಲಿನ ಚೀಲದ ಒಳಪದರದಿಂದ ಒಸರುವ ಗಿಣ್ಣದಂಥ ಸತ್ವವನ್ನು ಬಾಯಿಗೆ ಬಾಯಿಟ್ಟು ಕುಡಿಸುತ್ತವೆ. ಇದನ್ನೇ 'ಪಾರಿವಾಳದ ಹಾಲು' ಎನ್ನುತ್ತಾರೆ. ತಾಯಿ ಮಾತ್ರವಲ್ಲ, ತಂದೆಯೂ ಈ ಹಾಲನ್ನು ಕೊಡುತ್ತಾನೆ. ನಮ್ಮ ಮಾಳಿಗೆಯ ಸಂದಿಯಲ್ಲಿ ಗೂಡು ಕಟ್ಟಿದ ಪಾರಿವಾಳವೂ ಇದನ್ನೇ ಮಾಡುತ್ತದೆ, ನ್ಯೂಗಿನಿಯ ಕಿರೀಟಧಾರಿಯೂ ಇದನ್ನೇ ಮಾಡುತ್ತದೆ.

ಇದರ ಬಂಧುಬಳಗದಲ್ಲಿ ಒಬ್ಬರು ಈಗ ಇಲ್ಲ. ಮಾರಿಷಸ್ ದ್ವೀಪದಲ್ಲಿದ್ದ, ಹಾರಲಾರದ ಡೋಡೋ ಎಂಬ ಹಕ್ಕಿಯ ಹೆಸರನ್ನು ಎಲ್ಲರೂ ಕೇಳಿದ್ದೇವೆ. 1598ರಲ್ಲಿ ಡಚ್ ನಾವಿಕರು ಆ ದ್ವೀಪಕ್ಕೆ ಇಳಿದ ಮೇಲೆ ನೂರು ವರ್ಷ ಕಳೆಯುವುದರೊಳಗೆ ಅದು ನಿರ್ವಂಶವಾಯಿತು. 2002ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯಿಂದ ಡೋಡೋ ಕೂಡ ಪಾರಿವಾಳದ ಕುಲದ್ದೇ ಎಂದು ಖಚಿತವಾಯಿತು. ಬದುಕಿರುವವುಗಳಲ್ಲಿ ಅದಕ್ಕೆ ಅತಿ ಸಮೀಪದ್ದು ನಮ್ಮ ದೇಶದ ನಿಕೋಬಾರ್ ದ್ವೀಪಗಳಲ್ಲಿಯೂ ಇರುವ ನಿಕೋಬಾರ್ ಪಾರಿವಾಳ. ಅದರ ನಂತರದ ಹತ್ತಿರದ ನಂಟರಲ್ಲಿ ಕಿರೀಟದ ಪಾರಿವಾಳಗಳೂ ಸೇರಿವೆ. ಮನುಷ್ಯರಿಗೆ ಅಂಜದ ದೊಡ್ಡ ಹಕ್ಕಿಗೆ ಮನುಷ್ಯರ ಕೈಯಲ್ಲಿ ಏನಾಗಬಹುದು ಎಂಬುದಕ್ಕೆ ಈ ಮನೆತನದಲ್ಲೇ ಒಂದು ಸಾಕ್ಷಿ ಆಗಿಹೋಗಿದೆ.

ಟೋಪಿಯ ಮೇಲೇರಿದ ಕಾಡು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪು ಅಮೆರಿಕಗಳ ಹೆಂಗಸರಲ್ಲಿ ಗರಿ ಚುಚ್ಚಿದ ಟೋಪಿಯ ಶೋಕಿ ಹಬ್ಬಿತು. ಒಂದೆರಡು ಗರಿಯಲ್ಲ, ರೆಕ್ಕೆ, ತುರಾಯಿ, ಕೆಲವೊಮ್ಮೆ ಇಡೀ ಹಕ್ಕಿಯನ್ನೇ ಒಣಗಿಸಿ ಟೋಪಿಯ ಮೇಲೆ ಕೂಡಿಸುತ್ತಿದ್ದರು. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು ನ್ಯೂಯಾರ್ಕಿನ ಪೇಟೆಯಲ್ಲಿ ಎರಡು ದಿನ ಸಂಜೆ ಅಡ್ಡಾಡಿ ಹೆಂಗಸರ ಟೋಪಿಗಳನ್ನು ಎಣಿಸಿದರು. ನೋಡಿದ 700 ಟೋಪಿಗಳಲ್ಲಿ 542ರ ಮೇಲೆ ಗರಿಗಳಿದ್ದವು. ಅವುಗಳಲ್ಲಿ 40 ಜಾತಿಯ ಹಕ್ಕಿಗಳನ್ನು ಅವರು ಗುರುತಿಸಿದರು. ಹಕ್ಕಿ ನೋಡಲು ಕಾಡಿಗೆ ಹೋಗುವುದೇ ಬೇಡ, ಪೇಟೆಗೆ ಬಂದರೆ ಸಾಕು ಎನ್ನುವಂತಾಗಿತ್ತು.

ಈ ಶೋಕಿಯ ಹಿಂದೆ ದೊಡ್ಡ ವ್ಯಾಪಾರವಿತ್ತು. ಲಂಡನ್ನಿನಲ್ಲಿ ಕಾಳು, ಮಸಾಲೆ ಲಿಲಾವಾಗುವ ಹಾಗೆಯೇ ಗರಿಯ ಲಿಲಾವೂ ನಡೆಯುತ್ತಿತ್ತು. ಪ್ಯಾರಿಸ್, ನ್ಯೂಯಾರ್ಕ್ ಪೇಟೆಗಳಿಗೆ ಅಲ್ಲಿಂದ ಮಾಲು ಹೋಗುತ್ತಿತ್ತು. ಹೆಚ್ಚು ಬೇಡಿಕೆ ಇದ್ದದ್ದು ಬೆಳ್ಳಕ್ಕಿಯ ನವಿರಾದ ಗರಿಗೆ. 1903ರಲ್ಲಿ ಅಮೆರಿಕದ ಬೇಟೆಗಾರರಿಗೆ ಅದರ ಒಂದು ಔನ್ಸಿಗೆ 32 ಡಾಲರು ಸಿಗುತ್ತಿತ್ತು. ಅದೇ ಕಾಲದಲ್ಲಿ ಒಂದು ಔನ್ಸ್ ಬಂಗಾರದ ಬೆಲೆ 20 ಡಾಲರಿಗೆ ತುಸು ಮೇಲೆ. ಬಂಗಾರಕ್ಕಿಂತ ಗರಿ ತುಟ್ಟಿ! 1902ರಲ್ಲಿ ಲಂಡನ್ನಿನಲ್ಲಿ ಮಾರಾಟವಾದ ಬೆಳ್ಳಕ್ಕಿ ಜಾತಿಯ ಗರಿ 48,240 ಔನ್ಸ್. ಒಂದು ಔನ್ಸಿಗೆ ನಾಲ್ಕು ಹಕ್ಕಿ ಬೇಕು. ಗುಣಿಸಿ ನೋಡಿದರೆ ಆ ಒಂದು ವರ್ಷದ ಮಾರಾಟಕ್ಕೆ 1,92,960 ಹಕ್ಕಿಗಳ ಜೀವ ಹೋಗಿತ್ತು. ಗರಿ ಅಂದವಾಗಿರುವುದು ಮರಿ ಮಾಡುವ ಕಾಲದಲ್ಲಿ. ಆದ್ದರಿಂದ ತಾಯಿತಂದೆಯನ್ನು ಗೂಡಿನ ಬಳಿಯೇ ಹೊಡೆಯುತ್ತಿದ್ದರು. ಗೂಡಿನಲ್ಲಿ ಉಳಿದ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಅವು ಈ ಲೆಕ್ಕದಲ್ಲಿ ಇಲ್ಲ.

ನ್ಯೂಗಿನಿಯ ಕಾಡಿಗೂ ಈ ವ್ಯಾಪಾರ ಕೈಚಾಚಿತು. ಅಲ್ಲಿಯ ಸ್ವರ್ಗಪಕ್ಷಿಗಳ ಗರಿಯ ಜೊತೆಗೆ ಕಿರೀಟದ ಪಾರಿವಾಳದ ತುರಾಯಿಯೂ ಹಡಗು ಹತ್ತಿತು. ಗರಿ ವ್ಯಾಪಾರಿಗಳ ಪಟ್ಟಿಯಲ್ಲಿ ಅದರ ಹೆಸರು ಬರಿದೆ 'ಗೌರಾ'. ಎರಡು ಕಿಲೋ ತೂಗುವ ಜೀವ. ಪೇಟೆಗೆ ಬೇಕಾದದ್ದು ಅದರ ತಲೆಯ ಮೇಲಿನ ಒಂದು ಹಿಡಿ ಜಾಲರಿ. ದ್ವೀಪದ ಜನರೂ ಆ ಗರಿಗಳನ್ನು ತಮ್ಮ ಹಬ್ಬದ ಮುಂಡಾಸಿಗೆ ಸಿಕ್ಕಿಸಿಕೊಳ್ಳುತ್ತಿದ್ದರು ನಿಜ. ಆದರೆ ಒಂದು ಹಳ್ಳಿಯ ಕುಣಿತಕ್ಕೆ ಬೇಕಾದ ಗರಿಗೂ ಮೂರು ಮಹಾನಗರಗಳ ಪೇಟೆಗೆ ಬೇಕಾದ ಗರಿಗೂ ಇರುವ ಅಂತರ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉದುರಿದ ಗರಿ, ಕಿತ್ತ ಗರಿ

ಜನ ಕೇಳಲು ಶುರುಮಾಡಿದಾಗ ಗರಿಯ ವ್ಯಾಪಾರಿಗಳು ಕೊಟ್ಟ ಉತ್ತರ ಗಮನಿಸುವಂಥದ್ದು. "ಈ ಗರಿ ಹಕ್ಕಿ ತಾನಾಗಿ ಉದುರಿಸಿದ್ದು, ನೆಲದಿಂದ ಆರಿಸಿದ್ದು" ಎಂದು ಕೆಲವರು ಹೇಳಿದರು. "ಇದು ಗರಿಯೇ ಅಲ್ಲ, ಕೃತಕವಾಗಿ ಮಾಡಿದ್ದು" ಎಂದು ಇನ್ನು ಕೆಲವರು ನಂಬಿಸಿದರು. ಪರೀಕ್ಷೆ ಮಾಡಿದ ಪಕ್ಷಿತಜ್ಞರು ಇವು ಸುಳ್ಳೆಂದು ತೋರಿಸಿಕೊಟ್ಟರು. ಕೊಲ್ಲುವುದು ಒಂದು ಪಾಪವಾದರೆ, ಕೊಂಡವರ ಮನಸ್ಸಾಕ್ಷಿಗೆ ಸುಳ್ಳು ಚೀಟಿ ಅಂಟಿಸಿ ಅವರನ್ನೂ ಅದರಲ್ಲಿ ಪಾಲುದಾರರನ್ನಾಗಿ ಮಾಡಿದ್ದು ಇನ್ನೊಂದು ಪಾಪ. ವ್ಯಾಪಾರದಲ್ಲಿ ಸತ್ಯ ಮತ್ತು ಅಹಿಂಸೆ ಬೇರೆಬೇರೆ ಕಪಾಟಿನಲ್ಲಿಡುವ ವಸ್ತುಗಳಲ್ಲ ಎಂಬುದು ಇಲ್ಲಿ ಕಾಣುತ್ತದೆ.

ಈ ಮಾತು ಬಂದಾಗ ನಮಗೆ ನೆನಪಾಗುವುದು ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ. ಕುಳಿತುಕೊಳ್ಳುವ ಜಾಗದಲ್ಲಿರುವ ಸೂಕ್ಷ್ಮ ಜೀವಿಗೂ ನೋವಾಗದಂತೆ ಮೃದುವಾಗಿ ಸರಿಸಲೆಂದು ಇರುವ ಉಪಕರಣ ಅದು. ಮಳೆಗಾಲದ ಕೊನೆಗೆ ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಅದನ್ನು ಕಟ್ಟಬೇಕು. ಚಾತುರ್ಮಾಸದ ನಂತರ ನಡೆಯುವ ಪಿಂಛಿ ಪರಿವರ್ತನೆಯನ್ನು ನಾವೆಲ್ಲ ಕಂಡಿದ್ದೇವೆ. ಜೀವಕ್ಕೆ ನೋವಾಗದಿರಲಿ ಎಂದು ಹಿಡಿಯುವ ಸಾಧನವೇ ಒಂದು ಜೀವವನ್ನು ಕೊಂದು ತಂದದ್ದಾದರೆ ಅದಕ್ಕೆ ಅರ್ಥವೇನು? ಆದ್ದರಿಂದ ನವಿಲುಗರಿ ಕೊಳ್ಳುವ ಬಂಧುಗಳು ಅದರ ಬುಡವನ್ನು ನೋಡಬೇಕು. ತಾನಾಗಿ ಉದುರಿದ ಗರಿಯ ಬುಡ ಒಣಗಿ ನಯವಾಗಿ ಇರುತ್ತದೆ. ಕಿತ್ತ ಗರಿಯ ಬುಡದಲ್ಲಿ ರಕ್ತದ ಗುರುತು ಉಳಿಯುತ್ತದೆ. ಅದನ್ನು ಮರೆಮಾಚಲು ಕಳ್ಳಬೇಟೆಯವರು ಬುಡವನ್ನು ಕತ್ತರಿಸಿಬಿಡುತ್ತಾರೆ. ಬುಡ ಕತ್ತರಿಸಿದ ಕಟ್ಟು ಕಂಡರೆ 'ಯಾಕೆ ಕತ್ತರಿಸಿದ್ದೀರಿ?' ಎಂದು ಕೇಳುವುದು ನಮ್ಮ ಹಕ್ಕು, ನಮ್ಮ ಕರ್ತವ್ಯ ಕೂಡ.

ಬೇಡ ಎಂದ ಹೆಂಗಸರು

ಗರಿಯ ವ್ಯಾಪಾರ ನಿಂತದ್ದು ಹೇಗೆ? ಸರಕಾರ ಮೊದಲು ಎಚ್ಚರಗೊಳ್ಳಲಿಲ್ಲ, ವ್ಯಾಪಾರಿಗಳೂ ತಾವಾಗಿ ಬಿಡಲಿಲ್ಲ. ಬಿಡಿಸಿದವರು ಆ ಟೋಪಿಗಳ ಗಿರಾಕಿಗಳೇ ಆದ ಹೆಂಗಸರು.

1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್‌ಸನ್ ಎಂಬ ಗೃಹಿಣಿ ತಮ್ಮ ಮನೆಯಲ್ಲಿಯೇ ಒಂದು ಸಂಘ ಕಟ್ಟಿದರು. ಆಹಾರಕ್ಕಲ್ಲದೆ ಕೊಂದ ಹಕ್ಕಿಯ ಗರಿಯನ್ನು ತೊಡುವುದಿಲ್ಲ ಎಂದು ಪ್ರತಿಜ್ಞೆ ಮಾಡುವುದು ಅದರ ಸದಸ್ಯರಾಗುವ ಷರತ್ತು. ಮಾಂಸಾಹಾರವನ್ನು ಅವರು ಬಿಟ್ಟಿರಲಿಲ್ಲ. ನಮ್ಮ ಕಣ್ಣಿಗೆ ಅದು ಅರ್ಧ ಅಹಿಂಸೆ ಎನಿಸೀತು. ಆದರೂ ತಮಗೆ ಸಾಧ್ಯವಾದ ಒಂದು ವ್ರತವನ್ನು ಹಿಡಿದು ಬಿಡದೆ ನಡೆಸಿದರು. ದಕ್ಷಿಣದ ಕ್ರಾಯ್ಡನ್ನಿನಲ್ಲಿ ಎಲಿಜಾ ಫಿಲಿಪ್ಸ್ ಎಂಬವರ ಮನೆಯಲ್ಲಿಯೂ ಇಂಥದೇ ಬಳಗ ಸೇರುತ್ತಿತ್ತು. 1891ರಲ್ಲಿ ಎರಡೂ ಒಂದಾದವು. ಈ ಸಂಘಕ್ಕೆ 1904ರಲ್ಲಿ ರಾಜಮನ್ನಣೆ ಸಿಕ್ಕಿತು. ಇಂದು ಅದು ಬ್ರಿಟನ್ನಿನ ದೊಡ್ಡ ಪಕ್ಷಿರಕ್ಷಣಾ ಸಂಸ್ಥೆ.

ಅವರ ಬಳಗದ ಎಟ್ಟಾ ಲೆಮನ್ ಎಂಬ ಮಹಿಳೆ ಹರೆಯದಲ್ಲಿಯೇ ಒಂದು ಕೆಲಸ ಮಾಡುತ್ತಿದ್ದರು. ಭಾನುವಾರ ಚರ್ಚಿಗೆ ಹೋದಾಗ ಯಾರ ಟೋಪಿಯ ಮೇಲೆ ಗರಿ ಇದೆ ಎಂದು ನೋಡಿ, ಹೆಸರು ಬರೆದುಕೊಂಡು, ಆ ಗರಿಗಾಗಿ ಹಕ್ಕಿ ಹೇಗೆ ಸತ್ತಿತೆಂದು ವಿವರಿಸಿ ಅವರಿಗೆ ಪತ್ರ ಹಾಕುತ್ತಿದ್ದರು. ಆಗ ಎಷ್ಟು ಜನ ಮುಖ ಸಿಂಡರಿಸಿರಬೇಕು! ಅಮೆರಿಕದ ಬಾಸ್ಟನ್ನಿನಲ್ಲಿ 1896ರಲ್ಲಿ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಎಂಬ ಸೋದರಸಂಬಂಧಿಗಳು ಊರಿನ ಶ್ರೀಮಂತ ಮನೆತನಗಳ ಪಟ್ಟಿ ತೆಗೆದುಕೊಂಡು ಕುಳಿತರು. ಒಬ್ಬೊಬ್ಬರನ್ನೇ ಚಹಾಕ್ಕೆ ಕರೆದು, ಗರಿಯ ಕಥೆ ಹೇಳಿ ಒಪ್ಪಿಸಿದರು. ಹೀಗೆ ಸುಮಾರು 900 ಮಹಿಳೆಯರು ಅವರ ಜೊತೆಗೂಡಿದರು. ಭಾಷಣವಿಲ್ಲ, ಮೆರವಣಿಗೆಯಿಲ್ಲ, ಮನೆಯ ಪಡಸಾಲೆಯಲ್ಲಿ ಒಂದು ಕಪ್ಪು ಚಹಾ.

"ಸಾವಿರಾರು ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ" ಎಂದು ವ್ಯಾಪಾರಿಗಳು ದೂರಿದರು. ಅದು ಬರಿಯ ನೆಪವೆಂದು ತಳ್ಳಿಹಾಕುವಂತಿಲ್ಲ. ಗರಿಯನ್ನು ಬಿಡಿಸಿ, ಬಣ್ಣ ಹಾಕಿ, ಕಟ್ಟುವ ಕೆಲಸದಲ್ಲಿ ಬಡ ಹೆಂಗಸರೂ ಮಕ್ಕಳೂ ಇದ್ದರು. ಆದರೆ ಟೋಪಿಯ ಅಂಗಡಿಗಳು ಮುಚ್ಚಲಿಲ್ಲ. ರೇಶ್ಮೆಯ ರಿಬ್ಬನ್ನು, ಬಟ್ಟೆಯ ಹೂವು ಹಚ್ಚಿದ ಟೋಪಿಗಳನ್ನು ಅದೇ ಗಿರಾಕಿಗಳು ಕೊಂಡರು. ಗಿರಾಕಿಯ ಮನಸ್ಸು ತಿರುಗಿದಾಗ ಸರಕನ್ನು ಬದಲಿಸಬಲ್ಲವನೇ ಜಾಣ ವ್ಯಾಪಾರಿ.

ಕಾನೂನು ಹಿಂದಿನಿಂದ ಬಂತು. 1902ರಲ್ಲಿ ಹಿಂದೂಸ್ಥಾನದಿಂದ ಕಾಡುಹಕ್ಕಿಗಳ ಚರ್ಮ, ಗರಿಗಳ ರಫ್ತನ್ನು ಬ್ರಿಟಿಷ್ ಆಡಳಿತ ನಿಷೇಧಿಸಿತು. ಆಮೇಲೂ ಸುಳ್ಳು ಹೆಸರಿನಲ್ಲಿ ಕಳ್ಳ ಸಾಗಣೆ ನಡೆದೇ ಇತ್ತು. 1913ರಲ್ಲಿ ಅಮೆರಿಕ ಕಾಡುಹಕ್ಕಿಯ ಗರಿಯ ಆಮದನ್ನು ನಿಲ್ಲಿಸಿತು. ಲಂಡನ್ನಿನ ಪೇಟೆಗೆ ಬೀಗ ಬಿದ್ದದ್ದು 1921ರ ಕಾಯಿದೆಯಿಂದ. ಅದು ಜಾರಿಗೆ ಬಂದದ್ದು 1922ರ ಏಪ್ರಿಲ್‌ನಲ್ಲಿ. ಎಮಿಲಿ ವಿಲಿಯಮ್‌ಸನ್ನರ ಮನೆಯ ಪ್ರತಿಜ್ಞೆಯಿಂದ ಆ ಕಾಯಿದೆಗೆ ತಲುಪಲು 32 ವರ್ಷ ಹಿಡಿಯಿತು. ಇಂದು ಕಿರೀಟದ ಪಾರಿವಾಳದ ನಾಲ್ಕೂ ಬಗೆಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಪರವಾನಗಿ ಇಲ್ಲದೆ ಅವುಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರುವಂತಿಲ್ಲ.

ಈಗಿನ ಲೆಕ್ಕ

ಹಾಗಾದರೆ ಹಕ್ಕಿ ಉಳಿಯಿತೇ? ಉಳಿದಿದೆ, ಆದರೆ ನಿಶ್ಚಿಂತೆಯಿಂದಲ್ಲ. ವಿಕ್ಟೋರಿಯಾ ಹೆಸರಿನ ಬಗೆಯನ್ನು ಅಂತರರಾಷ್ಟ್ರೀಯ ಸಂರಕ್ಷಣಾ ಸಂಘದ ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸಮೀಪವಿದೆ ಎಂದು ಬರೆದಿದ್ದಾರೆ. ಪಶ್ಚಿಮದ ಬಗೆಯ ಸ್ಥಿತಿ ಇನ್ನೂ ನಾಜೂಕು. ಮಾಂಸಕ್ಕಾಗಿ ಬೇಟೆ ನಿಂತಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಕಾಡಿನದು. ಮರದ ದಿಮ್ಮಿಗಾಗಿ ಕಾಡಿನಲ್ಲಿ ರಸ್ತೆ ಮಾಡುತ್ತಾರೆ; ರಸ್ತೆಯ ಜೊತೆ ಬಂದೂಕು ಒಳಗೆ ಹೋಗುತ್ತದೆ. ಆಮೇಲೆ ಆ ತಗ್ಗು ಭೂಮಿಯನ್ನು ಸಪಾಟು ಮಾಡಿ ಎಣ್ಣೆತಾಳೆಯ ತೋಟ ಹಾಕುತ್ತಾರೆ. ಈ ಪಾರಿವಾಳಕ್ಕೆ ಬೇಕಾದದ್ದೂ ಅದೇ ತಗ್ಗು ಭೂಮಿ. ನೆಲಕ್ಕೆ ಬಿದ್ದ ಹಣ್ಣು ತಿಂದು ಬದುಕುವ ಹಕ್ಕಿಗೆ ನೂರು ಬಗೆಯ ಮರಗಳು ಹೋಗಿ ಒಂದೇ ಬಗೆಯ ಸಾಲು ಮರ ಬಂದರೆ ಊಟ ಎಲ್ಲಿಯದು?

ಇಲ್ಲಿಗೆ ಕಥೆ ನಮ್ಮ ಅಂಗಡಿಯ ಹೊಸ್ತಿಲಿಗೆ ಬರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು. ಪಾಮೋಲಿನ್ ಡಬ್ಬಿ, ವನಸ್ಪತಿ, ಬಿಸ್ಕೀಟು, ಕುರುಕಲು ತಿಂಡಿ, ಸಾಬೂನು, ಇವುಗಳಲ್ಲಿ ಏನನ್ನೂ ಮಾರದ ಕಿರಾಣಿ ಅಂಗಡಿ ನಮ್ಮಲ್ಲಿ ಇದೆಯೇ? ಈ ಎಣ್ಣೆಯ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ. ಅಲ್ಲಿ ಮೊದಲು ಸುಮಾತ್ರಾ, ಬೋರ್ನಿಯೊ ದ್ವೀಪಗಳ ಕಾಡು ತೋಟವಾಯಿತು. ಈ ಶತಮಾನದಲ್ಲಿ ತೋಟಗಳು ಪೂರ್ವಕ್ಕೆ ಸರಿಯುತ್ತ ನ್ಯೂಗಿನಿಯ ಇಂಡೋನೇಷ್ಯಾ ಭಾಗಕ್ಕೂ ಕಾಲಿಟ್ಟಿವೆ. ನಮ್ಮ ಅಂಗಡಿಯ ಡಬ್ಬಿಯ ಎಣ್ಣೆ ಇಂಥ ಕಾಡಿನದೇ ಎಂದು ನಾವು ಹೇಳುತ್ತಿಲ್ಲ. ಆದರೆ ಅದು ಯಾವ ನೆಲದ್ದು ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಆ ಕಾಲದ ಟೋಪಿಯ ಮೇಲೂ ಹಕ್ಕಿ ಯಾವ ಗೂಡಿನದು ಎಂದು ಬರೆದಿರಲಿಲ್ಲ.

ಎಣ್ಣೆತಾಳೆಯನ್ನು ಶತ್ರು ಎಂದು ತಿಳಿಯಬೇಕಾಗಿಲ್ಲ. ಒಂದು ಎಕರೆಗೆ ಅದು ಕೊಡುವಷ್ಟು ಎಣ್ಣೆಯನ್ನು ಬೇರೆ ಯಾವ ಬೆಳೆಯೂ ಕೊಡದು. ಬಡವರ ಒಗ್ಗರಣೆಗೆ ಅದು ಅಗ್ಗದ ಎಣ್ಣೆ. ಪ್ರಶ್ನೆ ಇರುವುದು ಹೊಸ ಕಾಡು ಕಡಿದು ಬೆಳೆಸಿದ್ದೋ, ಹಳೆಯ ತೋಟದ್ದೋ ಎಂಬುದರಲ್ಲಿ. ಇದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು 2004ರಲ್ಲಿ ಆರ್‌ಎಸ್‌ಪಿಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿಕೊಂಡಿತು. ಅದರ ಕೆಲಸದಲ್ಲಿ ದೋಷ ಎತ್ತಿ ತೋರಿಸುವವರೂ ಇದ್ದಾರೆ. ಆದರೂ ಕೇಳುವ ಗಿರಾಕಿ ಇದ್ದಲ್ಲಿ ಉತ್ತರ ಕೊಡುವ ಕಂಪನಿಗಳೂ ಹುಟ್ಟುತ್ತವೆ. ನಮ್ಮ ಭಾಗದಲ್ಲಂತೂ ಕುಸುಬಿ ಎಣ್ಣೆ, ಶೇಂಗಾ ಎಣ್ಣೆಗಳು ಹಿರಿಯರ ಕಾಲದಿಂದ ಬಂದವು. ಅವುಗಳ ಡಬ್ಬಿಯನ್ನೂ ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ ಮುಂದಿನ ಸಾಲಿನಲ್ಲಿ ಇಡುವುದು ನಮ್ಮ ಕೈಯಲ್ಲಿದೆ. ಮನೆಯಲ್ಲಿ ಸಾಮಾನಿನ ಯಾದಿ ಬರೆಯುವ ನಮ್ಮ ಅಕ್ಕತಂಗಿಯರ ಕೈಯಲ್ಲಿ ಅದಕ್ಕಿಂತ ಹೆಚ್ಚಿನದಿದೆ. ಗರಿಯ ವ್ಯಾಪಾರವನ್ನು ನಿಲ್ಲಿಸಿದವರು ಯಾದಿ ಬರೆಯುವವರೇ ಅಲ್ಲವೇ?

ರೋಜುಕೀರ್ದಿಯಲ್ಲಿ ನಾವು ಬರೆಯುವುದು ಕೊಂಡ ಬೆಲೆ, ಮಾರಿದ ಬೆಲೆ, ಸಾಗಣೆ ಖರ್ಚು. ಸರಕಿನ ಹಿಂದೆ ಹೋದ ಜೀವಕ್ಕೆ ಅದರಲ್ಲಿ ಕಾಲಮಿಲ್ಲ. ಕಾಲಮು ಇಲ್ಲವೆಂದ ಮಾತ್ರಕ್ಕೆ ಆ ಬಾಕಿ ಇಲ್ಲದೆ ಹೋಗುವುದಿಲ್ಲ.

ಕಳೆದ ತಿಂಗಳು ಎಣ್ಣೆಯ ಡೀಲರರು ಆರ್ಡರು ಬರೆದುಕೊಳ್ಳಲು ಬಂದಾಗ ನಾವು ಕೇಳಿಯೇ ಬಿಟ್ಟೆವು: "ಈ ಎಣ್ಣಿ ಯಾವ ದೇಶದ್ದು, ಯಾವ ತೋಟದ್ದು?" ಅವರು ಪೆನ್ನು ಎತ್ತಿ ನಮ್ಮ ಮುಖ ನೋಡಿ ನಕ್ಕರು. "ಇಷ್ಟ ವರ್ಷ ಆತು ಸಾವ್ಕಾರ್ರ, ರೇಟ್ ಬಿಟ್ಟು ಯಾರೂ ಏನೂ ಕೇಳಿಲ್ಲ ನೋಡ್ರಿ." ನಾವು ನಗಲಿಲ್ಲ ಎಂದು ಕಂಡಾಗ, "ಆತ್ರಿ, ಕಂಪನಿಗೆ ಕೇಳಿ ಹೇಳ್ತೀನಿ" ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಸಲ ಬಂದಾಗ ಮತ್ತೆ ಕೇಳುವವರಿದ್ದೇವೆ. ಅದೇ ಪ್ರಶ್ನೆಯನ್ನು ಅವರು ಅಕ್ಕಲಕೋಟೆಯಲ್ಲೂ ಜತ್ತಿನಲ್ಲೂ ಇನ್ನು ನಾಲ್ಕು ಅಂಗಡಿಗಳಲ್ಲಿ ಕೇಳುವಂತಾದರೆ ಕಂಪನಿಯೂ ಕಿವಿಗೊಡಬೇಕಾದೀತು.

ಮೊಮ್ಮಗಳು ಆ ಹಕ್ಕಿಯ ಚಿತ್ರವನ್ನು ಅಂಗಡಿಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ. ಬೆಳಿಗ್ಗೆ ಜೋಳ ಚೆಲ್ಲುವಾಗ ಈಗ ನಾವು ಪಾರಿವಾಳಗಳನ್ನು ಕಣ್ಣೆತ್ತಿ ನೋಡುತ್ತೇವೆ.